ಮೊದಲು ವರದಿ ಕೊಡಿ, ಅಭಿಮಾನ ಆಮೇಲೆ

ಸ್ಕೋರು ಮೊಬೈಲಿಗೇ ಬರುತ್ತದೆ, ಪಂದ್ಯವನ್ನು ಜನ ಟಿವಿಯಲ್ಲೇ ನೋಡಿರುತ್ತಾರೆ, ಇನ್ನು ಪತ್ರಿಕೆಯವರು ವರದಿ ಅಂತ ಬರೆಯುವುದೇನನ್ನು? ಓದುಗನಿಗೆ ಬೇಕಿರುವುದು ಭಾವನೆ, ಅಭಿಪ್ರಾಯ, ಅಭಿಮಾನ. ಕ್ರೀಡಾ ಪತ್ರಿಕೋದ್ಯಮದಲ್ಲಿ ಈಗ ಇದೇ ವೇದವಾಕ್ಯ. ಜುಲೈ ತಿಂಗಳು ಬಂತೆಂದರೆ ಪತ್ರಿಕಾ ದಿನಾಚರಣೆಯ ವೇದಿಕೆಗಳಲ್ಲಿ ಬೆಂಗಳೂರಿನ ಅತಿಥಿಗಳು ನಮ್ಮ ತಾಲ್ಲೂಕು ವರದಿಗಾರರಿಗೆ ಇದನ್ನೇ ಬೋಧಿಸಿ, ಶಾಲು ಹೊದೆಸಿಕೊಂಡು, ಕಾರು ಹತ್ತಿ ಹೋಗುತ್ತಾರೆ. ಈ ಮಾತು ಸುಳ್ಳು. ಬರೀ ಸುಳ್ಳಾಗಿದ್ದರೆ ಕೇಳಿ ಸುಮ್ಮನಿರಬಹುದಿತ್ತು. ಇದು ಜೀವ ತೆಗೆದ ಸುಳ್ಳು.

2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಬೆಂಗಳೂರಿನ ಆರ್‌ಸಿಬಿ ತಂಡ ಪಂಜಾಬ್ ಕಿಂಗ್ಸ್ ತಂಡವನ್ನು 6 ರನ್ನುಗಳಿಂದ ಸೋಲಿಸಿ ಮೊದಲ ಸಲ ಐಪಿಎಲ್ ಕಪ್ ಗೆದ್ದಿತು. ಮರುದಿನ ಮಧ್ಯಾಹ್ನ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹೊರಗೆ, ವಿಜಯೋತ್ಸವ ನೋಡಲು ಬಂದಿದ್ದ 11 ಜನ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಐವತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಸತ್ತವರಲ್ಲಿ ಹೆಚ್ಚಿನವರಿಗೆ ಮೂವತ್ತು ತುಂಬಿರಲಿಲ್ಲ. ನಮ್ಮ ಕೋಲಾರಕ್ಕೂ ಒಂದು ಹೆಣ ಬಂತು. ಪಕ್ಕದ ಚಿಂತಾಮಣಿ ಕಡೆಗೂ ಒಂದು ಹೋಯಿತು.

ಆ ದಿನ ಬೆಳಿಗ್ಗೆ ಒಬ್ಬ ಕ್ರೀಡಾ ವರದಿಗಾರ ಕೇಳಬೇಕಿದ್ದದ್ದು ಮೂರೇ ಪ್ರಶ್ನೆ. ಗೆಲುವಿನ ಮೆರವಣಿಗೆಗೆ ಅನುಮತಿ ಕೊಟ್ಟವರು ಯಾರು? ಕ್ರೀಡಾಂಗಣದೊಳಗೆ ಎಷ್ಟು ಜನರಿಗೆ ಜಾಗವಿದೆ? ಒಳಗೆ ಹೋಗಲು ಪಾಸು ಬೇಕೆ, ಬೇಕಾದರೆ ಎಲ್ಲಿ ಸಿಗುತ್ತದೆ? ಇದಕ್ಕೆ ಕ್ರಿಕೆಟ್ ಪಾಂಡಿತ್ಯ ಬೇಡ, ವಿರಾಟ್ ಕೊಹ್ಲಿಯ ಸರಾಸರಿ ಗೊತ್ತಿರಬೇಕಿಲ್ಲ. ಮೂರು ಫೋನ್ ಕರೆ ಸಾಕಿತ್ತು. ನಾನು ಅಂದು ಬೆಳಗಿನಿಂದ ನೋಡಿದ ಪರದೆಗಳಲ್ಲಿ ಏನಿತ್ತು? ಕುಣಿಯುವ ನಿರೂಪಕರು, ಕೆಂಪು ಜೆರ್ಸಿ ತೊಟ್ಟ ಸ್ಟುಡಿಯೋ, ಹದಿನೆಂಟು ವರ್ಷದ ತಪಸ್ಸು ಎಂಬ ಹಿನ್ನೆಲೆ ಧ್ವನಿ, ಇಡೀ ಕರ್ನಾಟಕವೇ ಬೆಂಗಳೂರಿನತ್ತ ಎಂಬ ಅಕ್ಷರಗಳು. ಆ ಮೂರರಲ್ಲಿ ಒಂದು ಪ್ರಶ್ನೆಯೂ ಕಾಣಲಿಲ್ಲ.

ಉತ್ತರಗಳು ಆಮೇಲೆ ಬಂದವು, ಹೆಣ ಎತ್ತಿದ ಮೇಲೆ. ಕ್ರೀಡಾಂಗಣದ ಸಾಮರ್ಥ್ಯ 35 ಸಾವಿರ, ಬಂದವರು ಎರಡು ಮೂರು ಲಕ್ಷ ಎಂದು ಮುಖ್ಯಮಂತ್ರಿ ಅಂದು ಸಂಜೆ ಹೇಳಿದರು. ಸಂಘಟಕರು ಪೊಲೀಸರಿಗೆ ಮಾಹಿತಿ ಕೊಟ್ಟರೇ ಹೊರತು ನಿಯಮದಂತೆ ಅನುಮತಿ ಕೇಳಲೇ ಇಲ್ಲ ಎಂದು ಸರ್ಕಾರ ಹೈಕೋರ್ಟಿಗೆ ತಿಳಿಸಿತು. ಮೆರವಣಿಗೆ ಇಲ್ಲ ಎಂದು ಸಂಚಾರ ಪೊಲೀಸರು ಮಧ್ಯಾಹ್ನಕ್ಕೆ ಮುಂಚೆಯೇ ಪ್ರಕಟಿಸಿದ್ದರು. ಮೂರು ಗಂಟೆ ದಾಟಿದ ಮೇಲೆ ತಂಡದ ಸಾಮಾಜಿಕ ಜಾಲತಾಣ ಖಾತೆಯಲ್ಲಿ ಮೆರವಣಿಗೆ ಇದೆ, ಉಚಿತ ಪಾಸು ವೆಬ್‌ಸೈಟಿನಲ್ಲಿ ಸಿಗುತ್ತದೆ ಎಂದು ಬಂತು. ಇಲ್ಲ ಮತ್ತು ಇದೆ ಎಂಬ ಈ ಎರಡು ಹೇಳಿಕೆಗಳ ನಡುವೆ ಮೂರು ಗಂಟೆಯಷ್ಟು ಕಾಲವಿತ್ತು. ಎರಡರಲ್ಲಿ ಯಾವುದು ನಿಜ ಎಂದು ವಿಚಾರಿಸಿ ಜನರಿಗೆ ಹೇಳುವ ಕೆಲಸಕ್ಕೇ ವರದಿ ಎನ್ನುವುದು. ಆ ಮೂರು ಗಂಟೆಯಲ್ಲಿ ಮಾಲೂರಿನಿಂದ ರೈಲು ಹತ್ತಿದವರಿದ್ದಾರೆ, ಕೋಲಾರದಿಂದ ಬಸ್ಸಿನಲ್ಲಿ ಹೋಗಿ ಕಾಡುಗೋಡಿಯಲ್ಲಿ ಮೆಟ್ರೊ ಹಿಡಿದವರಿದ್ದಾರೆ. ನೇರಳೆ ಮಾರ್ಗದ ಕಬ್ಬನ್ ಪಾರ್ಕ್ ನಿಲ್ದಾಣ ಕ್ರೀಡಾಂಗಣದ ಬಾಗಿಲಲ್ಲೇ ಇದೆ. ಹೊರಡುವ ಮುಂಚೆ ಅವರಿಗೆ ಬೇಕಿದ್ದದ್ದು ಒಂದು ಸಾಲಿನ ಸುದ್ದಿ: ಜಾಗ ಇಲ್ಲ, ಹೋಗಬೇಡಿ. ಅವರಿಗೆ ಸಿಕ್ಕಿದ್ದು ಭಾವನೆ.

ಜುಲೈನಲ್ಲಿ, ಈ ದುರಂತದ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಆಯೋಗ ಆರ್‌ಸಿಬಿ, ರಾಜ್ಯ ಕ್ರಿಕೆಟ್ ಸಂಸ್ಥೆ, ಕಾರ್ಯಕ್ರಮ ನಿರ್ವಹಿಸಿದ ಕಂಪನಿ ಮತ್ತು ಪೊಲೀಸರತ್ತ ಬೊಟ್ಟು ಮಾಡಿತು. ಸರಿಯಾಗಿಯೇ ಮಾಡಿತು. ಆದರೆ ಬೆಳಿಗ್ಗೆಯಿಂದ ಬನ್ನಿ ಬನ್ನಿ ಎಂದು ಕೂಗಿದ ನಮ್ಮ ಕ್ರೀಡಾ ವಿಭಾಗಗಳ ಹೆಸರನ್ನು ಯಾವ ಆಯೋಗವೂ ಬರೆಯುವುದಿಲ್ಲ. ಅದನ್ನು ನಾವೇ ಬರೆದುಕೊಳ್ಳಬೇಕು. ಆ ತಂಡ ಒಂದು ಕಂಪನಿಯ ಆಸ್ತಿ. ಗೆದ್ದಾಗ ಅದರ ಅಧೀನದ ಜಾಹೀರಾತು ವಿಭಾಗದವರಂತೆ ವರ್ತಿಸಿದವರು, ಮರುದಿನ ಅದೇ ಬಾಯಲ್ಲಿ ಹೊಣೆ ಯಾರು ಎಂದು ಚರ್ಚೆ ಏರ್ಪಡಿಸಿದರು. ಅಭಿಪ್ರಾಯಕ್ಕೆ ಬರವಿರಲಿಲ್ಲ. ಪ್ರತಿ ಚಾನೆಲ್ಲಿನಲ್ಲೂ ಆರು ಜನ ಕೂತು ಮಾತಾಡಿದರು. ಮಾಹಿತಿ ಬೇಕಿದ್ದದ್ದು ಹಿಂದಿನ ದಿನ.

ಇದರ ಬೆಲೆಯನ್ನು ಕನ್ನಡಿಗರು ಇನ್ನೊಂದು ರೀತಿಯಲ್ಲೂ ತೆತ್ತರು. ಆ ವರ್ಷದ ಮಹಿಳಾ ವಿಶ್ವಕಪ್ಪಿನ ಪಂದ್ಯಗಳು ಚಿನ್ನಸ್ವಾಮಿಯಿಂದ ಬೇರೆಡೆಗೆ ಹೋದವು, ಫೈನಲ್ ನವಿ ಮುಂಬೈಗೆ. ನವೆಂಬರ್ 2ರಂದು ಭಾರತದ ಹೆಣ್ಣುಮಕ್ಕಳು ಕಪ್ ಎತ್ತಿದ್ದು ಅಲ್ಲಿ. ನಮ್ಮ ಊರಿನ ಹುಡುಗಿಯರು ಎರಡು ಗಂಟೆ ಪ್ರಯಾಣ ಮಾಡಿ ನೋಡಬಹುದಾಗಿದ್ದ ಪಂದ್ಯ ಅದು.

ಇದು ಬೆಂಗಳೂರಿನ ಕಥೆ ಎಂದು ಕೈ ತೊಳೆದುಕೊಳ್ಳುವ ಹಾಗಿಲ್ಲ. ನಮ್ಮ ಜಿಲ್ಲೆಯ ಪುಟ ತೆಗೆಯಿರಿ. ಯಾವುದಾದರೂ ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟದ ವರದಿ ಓದಿ. ಶಾಸಕರು ಗುಂಡು ಎಸೆದು ಉದ್ಘಾಟಿಸುವ ಫೋಟೊ. ಸೋಲು ಗೆಲುವನ್ನು ಸಮಾನವಾಗಿ ಸ್ವೀಕರಿಸಬೇಕು ಎಂಬ ತಲೆಬರಹ. ಸದೃಢ ದೇಹದಲ್ಲಿ ಸದೃಢ ಮನಸ್ಸು ಎಂಬ ಉಪದೇಶ ಎರಡು ಪ್ಯಾರಾ. ಕೊನೆಗೆ ಬಿಇಒ, ತಹಶೀಲ್ದಾರ್, ಸಂಘದ ಅಧ್ಯಕ್ಷ, ಉಪಾಧ್ಯಕ್ಷ, ಖಜಾಂಚಿ, ಮಾಜಿ ಸದಸ್ಯರು ಎಂದು ಹದಿನೈದು ಹೆಸರು, ಉಪಸ್ಥಿತರಿದ್ದರು. ಓಡಿದವರು ಯಾರು? ಗೆದ್ದವರು ಯಾರು? ಎಷ್ಟು ಸೆಕೆಂಡು? ಯಾವ ಶಾಲೆ? ಒಂದಕ್ಷರವೂ ಇಲ್ಲ. ಹಳ್ಳಿಗಳಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ನಡೆದರೂ ಇದೇ ಪಾಡು. ಬಹುಮಾನದ ಪ್ರಾಯೋಜಕರ ಹೆಸರು ಇರುತ್ತದೆ, ಫೈನಲ್ ಎಷ್ಟು ಪಾಯಿಂಟಿಗೆ ಮುಗಿಯಿತು ಎಂಬುದು ಇರುವುದಿಲ್ಲ.

ಶ್ರೀನಿವಾಸಪುರದ ಕಡೆ ನನಗೆ ಗುರುತಿನ ಒಬ್ಬ ಪಿ.ಟಿ. ಮೇಷ್ಟ್ರಿದ್ದಾರೆ. ಬೆಳಿಗ್ಗೆ ಆರಕ್ಕೆ ಮೈದಾನಕ್ಕೆ ಬಂದು ಸುಣ್ಣದ ಗೆರೆ ಹಾಕಿಸಿ, ಲಾಂಗ್ ಜಂಪ್ ಹೊಂಡದ ಮರಳನ್ನು ತಾವೇ ಹಾರೆಯಲ್ಲಿ ಕೆದಕಿ, ಕಲ್ಲು ಆರಿಸಿ ಹಾಕುವವರು. ಟೇಪು ಹಿಡಿದು ಅಳೆದದ್ದನ್ನು ಕೆಂಪು ಗೆರೆ ಎಳೆದ ಲಾಂಗ್ ಬುಕ್ಕಿನಲ್ಲಿ ಚೆಸ್ಟ್ ನಂಬರ್ ಸಮೇತ ಬರೆಯುತ್ತಾರೆ. ಹುಡುಗಿ ಮೂರು ಸಲ ಹಾರಿದರೆ ಮೂರೂ ಅಳತೆ ಅಲ್ಲಿರುತ್ತದೆ, ಫೌಲ್ ಆಗಿದ್ದರೆ ಅದೂ. ಒಮ್ಮೆ ಅವರು ಹೇಳಿದ ಮಾತು ಹೀಗಿದೆ: "ಸಾರ್, ಆ ಮಗು ಎಷ್ಟು ದೂರ ಹಾರಿದ್ಳು ಅಂತ ಒಬ್ರೂ ಕೇಳ್ಲಿಲ್ಲ. ಎಮ್ಮೆಲ್ಲೆ ಎಷ್ಟೊತ್ತಿಗೆ ಬರ್ತಾರೆ ಅಂತ ಮಾತ್ರ ಬಂದವರೆಲ್ಲ ಕೇಳಿದ್ರು." ಆ ಪುಸ್ತಕದಲ್ಲಿ ಪೂರ್ತಿ ವರದಿ ಸಿದ್ಧವಾಗಿತ್ತು. ನಕಲು ಮಾಡಿಕೊಂಡು ಹೋಗುವಷ್ಟು ವ್ಯವಧಾನವೂ ನಮ್ಮವರಿಗಿರಲಿಲ್ಲ. ಉದ್ಘಾಟನೆಯ ಫೋಟೊ ಸಿಕ್ಕ ಕೂಡಲೇ ಬೈಕು ಹತ್ತಿದ್ದರು, ಆಗ ನೂರು ಮೀಟರ್ ಓಟದ ಹೀಟ್ಸ್ ಕೂಡ ಶುರುವಾಗಿರಲಿಲ್ಲ.

ಕೋಲಾರದ ಎಪಿಎಂಸಿ ಯಾರ್ಡಿನಲ್ಲಿ ಹದಿನೈದು ಕೆ.ಜಿ. ಟೊಮೆಟೊ ಬಾಕ್ಸು ಇವತ್ತು ಎಷ್ಟಕ್ಕೆ ಹೋಯಿತು ಎಂದು ಇದೇ ಪತ್ರಿಕೆಗಳು ಬರೆಯುತ್ತವೆ. ಕನಿಷ್ಠ ಎಷ್ಟು, ಗರಿಷ್ಠ ಎಷ್ಟು, ಆವಕ ಎಷ್ಟು, ಎಲ್ಲ ಇರುತ್ತದೆ. ಅಂಕಿ ಬಿಟ್ಟು ಟೊಮೆಟೊ ಮಿಂಚಿತು, ಟೊಮೆಟೊ ಅಬ್ಬರಿಸಿತು ಎಂದು ಬರೆದು ನೋಡಿ, ಮರುದಿನ ರೈತ ಆ ಪತ್ರಿಕೆ ಕೊಳ್ಳುವುದಿಲ್ಲ. ರೈತನಿಗೆ ಕೊಡುವ ಈ ಮರ್ಯಾದೆಯನ್ನು ಅವನ ಮಗಳಿಗೆ ಕೊಡಲು ಏನು ಕಷ್ಟ?

ಆ ಅಂಕಿ ಯಾಕೆ ಬೇಕು ಎನ್ನುವವರು ಹಳ್ಳಿಯ ಒಂದು ಮನೆಗೆ ಹೋಗಿ ನೋಡಬೇಕು. ಹೋಬಳಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ, ಅಲ್ಲಿಂದ ವಿಭಾಗಕ್ಕೆ ಏರುವ ಮಕ್ಕಳ ಕೈಯಲ್ಲಿರುವುದು ಒಂದು ಪ್ರಮಾಣಪತ್ರ, ಜೊತೆಗೊಂದು ಪತ್ರಿಕೆಯ ತುಣುಕು. ಆ ತುಣುಕನ್ನು ಲ್ಯಾಮಿನೇಷನ್ ಮಾಡಿಸಿ ಇಟ್ಟುಕೊಂಡ ತಂದೆತಾಯಿಯರನ್ನು ನಾನು ಬಲ್ಲೆ. ಕ್ರೀಡಾ ಹಾಸ್ಟೆಲ್ಲಿನ ಆಯ್ಕೆಗೆ ಹೋದಾಗ ತೋರಿಸುತ್ತಾರೆ. ಅದರಲ್ಲಿ ಮಗಳ ಹೆಸರಿಲ್ಲ, ಸಮಯವಿಲ್ಲ, ದೂರವಿಲ್ಲ. ವೇದಿಕೆಯ ಮೇಲಿದ್ದವರ ಹೆಸರುಗಳಿವೆ. ಹತ್ತು ವರ್ಷದ ಹಿಂದೆ ಮುಳಬಾಗಿಲು ತಾಲ್ಲೂಕಿನಲ್ಲಿ ನಾನೂರು ಮೀಟರ್ ಓಟವನ್ನು ಎಷ್ಟು ಸೆಕೆಂಡಿಗೆ ಗೆದ್ದಿದ್ದರು, ಈಗ ಎಷ್ಟಕ್ಕೆ ಗೆಲ್ಲುತ್ತಿದ್ದಾರೆ, ನಮ್ಮ ಮಕ್ಕಳು ಮುಂದೆ ಹೋಗುತ್ತಿದ್ದಾರೋ ಹಿಂದೆ ಬೀಳುತ್ತಿದ್ದಾರೋ ಎಂದು ಪತ್ರಿಕೆಯ ಕಡತ ತೆಗೆದು ಯಾರೂ ಹೇಳಲಾರರು. ಕ್ರೀಡಾಂಗಣ ಯಾಕೆ ಹಾಳುಬಿದ್ದಿದೆ, ತರಬೇತುದಾರ ಯಾಕಿಲ್ಲ ಎಂದು ಅಧಿಕಾರಿಯ ಮುಂದೆ ಗಟ್ಟಿಯಾಗಿ ಕೇಳಲು ಬೇಕಾದ ಆಧಾರವೇ ನಮ್ಮ ಬಳಿ ಇಲ್ಲ.

ಅಭಿಮಾನಿ ಪತ್ರಕರ್ತರ ದೊಡ್ಡ ಸಾಧನೆಗಳನ್ನೂ ನೋಡೋಣ. 2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗಿನ ಫಿಕ್ಸಿಂಗ್ ಆರೋಪ ಹೊರಗೆ ಬಂತು. ತಂಡದ ಮಾಲೀಕರನ್ನು, ಆಟಗಾರರನ್ನು ಬಂಧಿಸಿದವರು ಬೆಂಗಳೂರಿನ ಸಿಸಿಬಿ ಪೊಲೀಸರು. ಪ್ರೆಸ್ ಬಾಕ್ಸಿನಲ್ಲಿ ಕೂತು ಪ್ರತಿ ಎಸೆತ ನೋಡಿದ ನಮ್ಮ ಪಂಡಿತರು ರೋಚಕ, ರೋಮಾಂಚಕ ಎಂದು ಬರೆಯುತ್ತಿದ್ದರು. 2022ರಲ್ಲಿ ಹೈಕೋರ್ಟು, ಮ್ಯಾಚ್ ಫಿಕ್ಸಿಂಗ್ ಅನ್ನು ಐಪಿಸಿ 420ರ ಅಡಿ ವಂಚನೆ ಎನ್ನಲಾಗದು ಎಂದು ಪ್ರಕರಣ ರದ್ದು ಮಾಡಿತು. ಕಾನೂನಿನಲ್ಲಿ ಇಷ್ಟು ದೊಡ್ಡ ಕಂಡಿ ಇದೆ ಎಂಬುದೇ ವಾರಗಟ್ಟಲೆ ಬರೆಯಬೇಕಾದ ವಿಷಯ. ಬರೆದವರು ಎಷ್ಟು ಜನ? ಆ ಲೀಗೇ ನಿಂತುಹೋಯಿತು, ಮಹಾರಾಜ ಟ್ರೋಫಿ ಎಂಬ ಹೊಸ ಹೆಸರಿನ ಲೀಗು ಬಂತು, ಹಳೆಯ ವಿಶೇಷಣಗಳೇ ಮತ್ತೆ ಅಚ್ಚಾದವು.

ಟಿವಿಯ ವೀಕ್ಷಕ ವಿವರಣೆಯಲ್ಲಂತೂ ಬಾಯಿ ಯಾರ ಕೈಯಲ್ಲಿದೆ ಎಂಬುದು ಗುಟ್ಟೇನಲ್ಲ. 2016ರಲ್ಲಿ ಐಪಿಎಲ್ ಶುರುವಾಗುವ ಹೊತ್ತಿಗೆ ಹರ್ಷ ಭೋಗ್ಲೆಯವರನ್ನು ಕೈಬಿಟ್ಟರು, ಕಾರಣವನ್ನು ಅವರಿಗೂ ಹೇಳಲಿಲ್ಲ. ಆಟಗಾರರ ವ್ಯವಹಾರ ನೋಡಿಕೊಳ್ಳುವ ಕಂಪನಿಯ ಮುಖ್ಯಸ್ಥರೇ ಕ್ರಿಕೆಟ್ ಮಂಡಳಿಯ ಗುತ್ತಿಗೆಯಲ್ಲಿ ವಿವರಣೆಗಾರರೂ ಆಗಿರುವುದು ಹೇಗೆ ಎಂದು ರಾಮಚಂದ್ರ ಗುಹಾ 2017ರ ತಮ್ಮ ರಾಜೀನಾಮೆ ಪತ್ರದಲ್ಲಿ ಕೇಳಿದರು. ಸುಪ್ರೀಂ ಕೋರ್ಟು ನೇಮಿಸಿದ ಸಮಿತಿಯಿಂದ ಹೊರಬಂದು ಒಬ್ಬ ಇತಿಹಾಸಕಾರ ಈ ಪ್ರಶ್ನೆ ಕೇಳಬೇಕಾಯಿತು. ಕ್ರೀಡಾ ಪುಟದವರು ಎಲ್ಲಿದ್ದರು?

ಈ ರೋಗದ ಬೇರು ಕ್ರೀಡೆಯಲ್ಲಷ್ಟೇ ಇಲ್ಲ. ಕೋಲಾರ ಜಿಲ್ಲೆ ಬೆಂಗಳೂರಿನ ಡೆಸ್ಕಿಗೆ ನೆನಪಾಗುವುದು ಟೊಮೆಟೊ ಬೆಲೆ ಏರಿದಾಗ, ಇಳಿದಾಗ, ಚುನಾವಣೆ ಬಂದಾಗ. 2001ರಲ್ಲಿ ಚಿನ್ನದ ಗಣಿ ಮುಚ್ಚಿತು, ಅಲ್ಲಿನ ಕಾಲೋನಿಗಳ ಬದುಕು ಏನಾಯಿತೆಂದು ವರ್ಷಕ್ಕೊಮ್ಮೆ ಒಂದು ಭಾವುಕ ಲೇಖನ ಬರುತ್ತದೆ, ಎಷ್ಟು ಜನರಿಗೆ ಏನು ಬಾಕಿ ಸಲ್ಲಬೇಕು ಎಂಬ ಲೆಕ್ಕ ಬರುವುದಿಲ್ಲ. 2018ರಿಂದ ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ಆ ನೀರಿನ ಬಗ್ಗೆ ಪರ ವಿರೋಧದ ಭಾಷಣ ಓದಿದ್ದೇವೆ. ಇಂಥ ಕೆರೆಯ ನೀರನ್ನು ಇಂಥ ದಿನ ಪರೀಕ್ಷೆ ಮಾಡಿದಾಗ ಇಷ್ಟು ಬಂತು ಎಂಬ ಪಟ್ಟಿ ಎಷ್ಟು ಸಲ ಓದಿದ್ದೀರಿ? ತಾಲ್ಲೂಕು ವರದಿಗಾರನಿಗೆ ಕೊಡುವುದು ಪುಡಿಗಾಸು, ಅವನ ಮೇಲೆ ಜಾಹೀರಾತು ತರುವ ಒತ್ತಡ ಬೇರೆ. ಅವನು ವೇದಿಕೆಯ ಮೇಲಿರುವವರ ಹೆಸರನ್ನೇ ಮೊದಲು ಬರೆದುಕೊಳ್ಳುತ್ತಾನೆ, ಏಕೆಂದರೆ ಯುಗಾದಿಗೂ ದೀಪಾವಳಿಗೂ ಜಾಹೀರಾತು ಕೊಡುವವರು ಅವರು. ಅವನನ್ನು ಈ ಸ್ಥಿತಿಯಲ್ಲಿಟ್ಟ ಮಾಲೀಕರೇ ಪತ್ರಿಕಾ ದಿನಾಚರಣೆಯಲ್ಲಿ ನಿಂತು, ವರದಿಯ ಕಾಲ ಮುಗಿಯಿತು, ಇನ್ನು ಅಭಿಪ್ರಾಯದ ಕಾಲ ಎನ್ನುತ್ತಾರೆ. ಅಭಿಪ್ರಾಯ ಅಗ್ಗ. ವರದಿಗೆ ಬಸ್ ಚಾರ್ಜು, ಸಮಯ, ಸಂಬಳ ಬೇಕು. ಇವರ ಸಿದ್ಧಾಂತದ ಮೂಲ ಅಷ್ಟೇ.

ಇದನ್ನೆಲ್ಲ ಡಿ.ವಿ. ಗುಂಡಪ್ಪನವರ ಊರಿನ ಜಿಲ್ಲೆಯಲ್ಲಿ ನಿಂತು ಹೇಳಬೇಕಾಗಿ ಬಂದಿರುವುದು ಅವಮಾನ. ಮುಳಬಾಗಿಲಿನಲ್ಲಿ ಹುಟ್ಟಿ, ಪತ್ರಿಕೆ ನಡೆಸಿ, ಪತ್ರಿಕೆಯ ಕೆಲಸ ಏನೆಂದು ತಿಳಿಸಲು 'ವೃತ್ತಪತ್ರಿಕೆ' ಎಂಬ ಪುಸ್ತಕವನ್ನೇ ಬರೆದವರು ಅವರು. ಅವರ ಹೆಸರಿನಲ್ಲಿ ಪತ್ರಕರ್ತರಿಗೆ ಪ್ರಶಸ್ತಿ ಕೊಡುತ್ತಾರೆ, ಅವರ ಫೋಟೊಗೆ ಹಾರ ಹಾಕಿ ಸಭೆ ಶುರು ಮಾಡುತ್ತಾರೆ.

ಅಂಕಣ ಬರೆಯುವವರು ಬರೆಯಲಿ, ಚೆನ್ನಾಗಿ ಬರೆದರೆ ನಾನೂ ಓದುತ್ತೇನೆ. ಆದರೆ ಅದರ ಪಕ್ಕದಲ್ಲಿ ಸುದ್ದಿ ಇರಬೇಕು, ಸುದ್ದಿಯಲ್ಲಿ ಹೆಸರು, ಅಂಕಿ, ಸಮಯ, ಯಾರು ಹೇಳಿದ್ದು ಎಂಬುದು ಇರಬೇಕು. ತಂಡದ ಪ್ರಕಟಣೆಯನ್ನು ಪ್ರಕಟಣೆ ಎಂದೇ ಹಾಕಬೇಕು. ಅಭಿಮಾನಿಯ ಜೆರ್ಸಿ ತೊಟ್ಟು ಸುದ್ದಿ ಓದುವ ನಿರೂಪಕನನ್ನು ಆ ಕುರ್ಚಿಯಿಂದ ಎಬ್ಬಿಸಬೇಕು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಓದುಗರಲ್ಲಿ ನನ್ನದೊಂದು ಕೋರಿಕೆ. ಮಳೆಗಾಲದಲ್ಲಿ ಹೋಬಳಿ ಮಟ್ಟದ ಕ್ರೀಡಾಕೂಟಗಳು ಶುರುವಾಗುತ್ತವೆ. ನಿಮ್ಮ ಊರಿನ ಶಾಲೆಯ ಮಕ್ಕಳು ಓಡಿದ ಮರುದಿನ ಪತ್ರಿಕೆ ಬಿಡಿಸಿ ನೋಡಿ. ಗೆದ್ದ ಮಗುವಿನ ಹೆಸರಿಲ್ಲದೆ ಉದ್ಘಾಟನೆಯ ಫೋಟೊ ಮಾತ್ರ ಇದ್ದರೆ ಸಂಪಾದಕರಿಗೆ ಫೋನ್ ಮಾಡಿ, ಫಲಿತಾಂಶ ಎಲ್ಲಿ ಎಂದು ಕೇಳಿ. ಪಿ.ಟಿ. ಮೇಷ್ಟ್ರ ಪುಸ್ತಕದಲ್ಲಿ ಅದು ಇದ್ದೇ ಇರುತ್ತದೆ, ಪತ್ರಿಕಾ ಕಚೇರಿಯ ನಂಬರು ಪುಟದ ಕೆಳಗೆ ಅಚ್ಚಾಗಿರುತ್ತದೆ.