ನನ್ನ ಲೆಕ್ಕ ನೋಡೋಕೆ ನಾನೇ ದುಡ್ಡು ಕೊಡ್ಬೇಕಾ?

ಇಲ್ಲಿ ಏನಾದ್ರೂ ಬರೆದು ಬಹಳ ದಿನ ಆಯ್ತು. ಆಫೀಸಲ್ಲಿ ರಿಲೀಸು, ಮನೇಲಿ ಅದು ಇದು ಅಂತ ನೆಪಗಳಿಗೇನೂ ಕೊರತೆ ಇರ್ಲಿಲ್ಲ. ಇವತ್ತು ಬರೀತಿರೋದು ಸಿಟ್ಟು ಬಂದಿರೋದಕ್ಕೆ. ಅರ್ಧ ಸಿಟ್ಟು ನನ್ನ ಮೇಲೇನೇ :-)

ತಿಪಟೂರಲ್ಲಿ ನಮ್ಮ ಸೋದರಮಾವಂದು ಒಂದು ಹಾರ್ಡ್‌ವೇರ್ ಅಂಗಡಿ ಇದೆ. ಸಿಮೆಂಟು, ಪೈಪು, ಬಣ್ಣ, ತೆಂಗಿನ ತೋಟಕ್ಕೆ ಹಾಕೋ ಡ್ರಿಪ್ ಸಾಮಾನು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬರೋ ತನಕ ಕಿರ್ದಿ, ಖಾತೆ ಎಲ್ಲಾ ಮಾವನ ಕೈಬರಹದಲ್ಲೇ. ಆಮೇಲೆ ಒಂದಷ್ಟು ವರ್ಷ ಆಡಿಟರ್ ಆಫೀಸಿನ ಹುಡುಗ ಬಂದು ಬಿಲ್ಲೆಲ್ಲ ಕಟ್ಟು ಮಾಡಿ ತಗೊಂಡು ಹೋಗ್ತಿದ್ದ. 2021ರಲ್ಲಿ ನಾನು ಇಂಜಿನಿಯರಿಂಗ್ ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಕೊರೋನಾ ಕಾಲ, ಊರಿಂದಲೇ ಕೆಲಸ. ಸುಮ್ನೆ ಇರ್ಬೇಕಲ್ಲ? "ಮಾವ, ಈ ಪುಸ್ತಕ ಎಲ್ಲ ಬಿಟ್ಟುಬಿಡು, ಮೊಬೈಲಲ್ಲೇ ಲೆಕ್ಕ ನೋಡ್ಬಹುದು" ಅಂತ ಒಂದು ಆನ್‌ಲೈನ್ ಅಕೌಂಟಿಂಗ್ ಸಾಫ್ಟ್‌ವೇರ್ ಹಾಕಿಸಿಕೊಟ್ಟೆ. ಹೆಸರು ಬೇಡ ಬಿಡಿ. ಬೇಸಿಕ್ ಪ್ಲಾನ್, ವರ್ಷಕ್ಕೆ ಮೂರು ಸಾವಿರದ ಒಳಗೇ ಇತ್ತು.

ಮೊದಲ ವರ್ಷ ಎಲ್ಲಾ ಚೆಂದ. ಎರಡನೇ ವರ್ಷ ಜಿಎಸ್‌ಟಿಆರ್-2ಬಿ ಹೊಂದಿಸೋ ಸೌಲಭ್ಯ ಬೇಸಿಕ್‌ನಿಂದ ಎದ್ದು ಮೇಲಿನ ಪ್ಲಾನಿಗೆ ಹೋಯ್ತು. ಮೂರನೇ ವರ್ಷ ರೇಟೂ ಏರಿತು. 2024ರ ಏಪ್ರಿಲ್‌ನಲ್ಲಿ ಮಾವ "ಸಾಕು" ಅಂತ ರಿನ್ಯೂ ಮಾಡ್ಸದೆ ಬೇರೆ ಯಾವುದಕ್ಕೋ ಹೋದರು. ಹಳೇ ಲೆಕ್ಕ ಅಲ್ಲೇ ಉಳೀತು. ಅದನ್ನ ಇಳಿಸಿ ಇಟ್ಕೊಳ್ಳೋಣ ಅನ್ನೋ ಬುದ್ಧಿ ಇಂಜಿನಿಯರ್ ಆದ ನನಗೂ ಹೊಳೀಲಿಲ್ಲ.

2025ರ ಆಗಸ್ಟ್‌ನಲ್ಲಿ ತೆರಿಗೆ ಇಲಾಖೆಯಿಂದ ಒಂದು ಪತ್ರ ಬಂತು. 2021-22ರ ಸಾಲಿನಲ್ಲಿ ನೀವು ತಗೊಂಡಿರೋ ಇನ್‌ಪುಟ್ ಕ್ರೆಡಿಟ್ ತಾಳೆ ಆಗ್ತಿಲ್ಲ, ಖರೀದಿ ವಿವರ ಕೊಡಿ ಅಂತ. ಇಲಾಖೆ ಕೇಳಿದ್ದರಲ್ಲಿ ತಪ್ಪೇನಿಲ್ಲ. ಮಾವ ಫೋನ್ ಮಾಡಿದ್ರು, ನಾನು ಬೆಂಗಳೂರಿಂದ ಲಾಗಿನ್ ಆದೆ. ಪರದೆ ತುಂಬಾ ಒಂದೇ ಸಾಲು, ನಿಮ್ಮ ಲೆಕ್ಕ ನೋಡಲು ಪ್ಲಾನ್ ನವೀಕರಿಸಿ. ಸರಿ, ಬೇಸಿಕ್ ತಗೊಂಡ್ರೆ ಆಗುತ್ತಾ ಅಂತ ನೋಡಿದ್ರೆ, ಅದರಲ್ಲಿ ಕಣ್ಣಿಗೆ ಕಾಣುತ್ತೆ ಅಷ್ಟೆ. ಎಕ್ಸೆಲ್‌ಗೆ ಇಳಿಸ್ಕೊಳ್ಳೋ ಬಟನ್ ಇರೋದು ಎಲ್ಲಕ್ಕಿಂತ ಮೇಲಿನ ಪ್ಲಾನಿನಲ್ಲಿ. ಒಂದು ತಿಂಗಳಿಗೆ ಕೊಡಲ್ಲ, ಇಡೀ ವರ್ಷದ್ದೇ ಕಟ್ಟಬೇಕು. ಹತ್ತಿರ ಹತ್ತಿರ ಒಂಬತ್ತು ಸಾವಿರ.

ಮಾವ ಅಂದಿದ್ದು ಇಷ್ಟೇ: "ಅಲ್ಲ ಕಣೋ, ಬಿಲ್ ಬರೆದೋನು ನಾನು, ಸಾಲ ಕೊಟ್ಟೋನು ನಾನು. ನನ್ನ ಲೆಕ್ಕ ನನಗೆ ತೋರ್ಸೋಕೆ ಇವನ್ಯಾವನು?"

ನನ್ನ ಹತ್ರ ಉತ್ತರ ಇರ್ಲಿಲ್ಲ. ದುಡ್ಡು ನಾನೇ ಕಟ್ಟಿದೆ.

ಇಲ್ಲಿ ಒಂದು ತಪ್ಪೊಪ್ಪಿಗೆ. ನಾನು ಕೆಲಸ ಮಾಡೋ ಕಂಪನಿ ಅಕೌಂಟಿಂಗ್‌ದಲ್ಲ, ಆದ್ರೆ ನಾವೂ ಪ್ಲಾನ್ ಮಾರೋರೇ. ಯಾವ ಫೀಚರ್ ಯಾವ ಪ್ಲಾನಿಗೆ ಅಂತ ತೀರ್ಮಾನ ಮಾಡೋ ಮೀಟಿಂಗುಗಳಲ್ಲಿ ನಾನೂ ಕೂತಿದೀನಿ. ಅಲ್ಲಿ 'ಇದನ್ನ ಮಾಡೋಕೆ ನಮಗೆ ಎಷ್ಟು ಖರ್ಚು' ಅನ್ನೋ ಪ್ರಶ್ನೆ ಬರೋದು ಕಮ್ಮಿ. 'ಇದಿಲ್ಲದೆ ಗಿರಾಕಿ ಎಷ್ಟು ದಿನ ತಡ್ಕೋತಾನೆ' ಅನ್ನೋದೇ ಜಾಸ್ತಿ. ಬೇಸಿಕ್ ತಗೊಂಡೋನಿಗೂ ಮೇಲಿನದು ತಗೊಂಡೋನಿಗೂ ಹೋಗೋದು ಒಂದೇ ಕೋಡು. ನಡುವೆ ಒಂದು 'ಇಫ್' ಇರುತ್ತೆ ಅಷ್ಟೆ. ಅಂಥ 'ಇಫ್'ಗಳನ್ನ ನಾನೇ ಎಷ್ಟೋ ಬರೆದಿದೀನಿ.

ಹಾಗಂತ ಎಲ್ಲಾ ಪುಕ್ಕಟೆ ಕೊಡಿ ಅನ್ನೋ ಗುಂಪಿನವನೂ ನಾನಲ್ಲ. ಜಿಎಸ್‌ಟಿ ಅನ್ನೋದು ನಿಂತ ನೀರಲ್ಲ. 2025ರ ಸೆಪ್ಟೆಂಬರ್ 22ಕ್ಕೆ ಸಿಮೆಂಟು 28ರಿಂದ 18 ಪರ್ಸೆಂಟಿಗೆ, ಡ್ರಿಪ್ ಸಾಮಾನು 12ರಿಂದ 5ಕ್ಕೆ ಇಳೀತು. ಇ-ಇನ್‌ವಾಯ್ಸ್ 2020ರ ಅಕ್ಟೋಬರ್‌ನಲ್ಲಿ 500 ಕೋಟಿ ವಹಿವಾಟಿನವರಿಗೆ ಅಂತ ಶುರುವಾಗಿದ್ದು, ಮೆಟ್ಟಿಲು ಮೆಟ್ಟಿಲಾಗಿ ಇಳಿದು 2023ರ ಆಗಸ್ಟ್‌ಗೆ 5 ಕೋಟಿಗೆ ಬಂತು. ಪ್ರತಿ ಸಲ ಯಾರೋ ನನ್ನಂಥೋನು ರಾತ್ರಿ ಕೂತು ಕೋಡ್ ತಿದ್ದಿರ್ತಾನೆ. ಅವನಿಗೆ ಸಂಬಳ ಬೇಡ್ವಾ? ಗ್ನೂಕ್ಯಾಶ್ ಥರ ಮುಕ್ತ ತಂತ್ರಾಂಶ ಇದೆ, ಜಮಾ-ಖರ್ಚು ಶಿಸ್ತಾಗಿ ಇಡುತ್ತೆ. ಆದ್ರೆ ಅದು ನಮ್ಮ ಜಿಎಸ್‌ಟಿಗೆ ಅಂತ ಮಾಡಿದ್ದಲ್ಲ. ಮಾವನ ಕೈಗೆ ಅದನ್ನ ಕೊಟ್ರೆ ನನಗೆ ದಿನಾ ಫೋನು ಗ್ಯಾರಂಟಿ.

ಹಾಗಾಗಿ ಅನುಕೂಲಕ್ಕೆ ದುಡ್ಡು ತಗೊಳ್ಳಿ, ಅದಕ್ಕೆ ನನ್ನ ತಕರಾರಿಲ್ಲ. ಇ-ವೇ ಬಿಲ್ಲನ್ನೇ ನೋಡಿ. ಐವತ್ತು ಸಾವಿರ ದಾಟಿದ ಸರಕು ಸಾಗಿಸೋಕೆ ಬೇಕು, ನಮ್ಮ ರಾಜ್ಯದ ಒಳಗೂ 2018ರ ಏಪ್ರಿಲ್ 1ರಿಂದಲೇ ಜಾರಿ ಇದೆ. ಸರ್ಕಾರದ ಜಾಲತಾಣದಲ್ಲಿ ಅದು ಪುಕ್ಕಟೆ. ಬಿಲ್ ಹಾಕಿದ ಕಡೆಯಿಂದಲೇ ಒಂದು ಕ್ಲಿಕ್ಕಲ್ಲಿ ಆಗ್ಬೇಕು ಅಂದ್ರೆ ದುಡ್ಡು ಕೊಡೋದು ನ್ಯಾಯವೇ. ಒಬ್ಬರ ಬದಲು ನಾಲ್ಕು ಜನ ಕೂತು ಬಿಲ್ ಹಾಕ್ಬೇಕು ಅಂದ್ರೂ ಅಷ್ಟೇ.

2ಬಿ ವಿಷಯದಲ್ಲಿ ನನಗೇ ಸ್ವಲ್ಪ ಗೊಂದಲ. 2022ರ ಜನವರಿ 1ರಿಂದ, ಮಾಲು ಕೊಟ್ಟೋನು ಬಿಲ್ ಅಪ್‌ಲೋಡ್ ಮಾಡಿ ಅದು 2ಬಿಯಲ್ಲಿ ಕಾಣಿಸದಿದ್ರೆ ಕ್ರೆಡಿಟ್ ಇಲ್ಲ. ಅಂದ್ಮೇಲೆ ಅದನ್ನ ಹೊಂದಿಸೋದು ಶೋಕಿ ಅಲ್ಲ, ಅಂಗಡಿಯೋನ ಅನ್ನದ ಪ್ರಶ್ನೆ. ಕೈಯಲ್ಲೂ ಮಾಡ್ಬಹುದು, ಪೋರ್ಟಲ್‌ನಿಂದ ಎಕ್ಸೆಲ್ ಸಿಗುತ್ತೆ, ನಿಜ. ಹೊಸಬರಿಗೆ ಮೊದಲೇ ಹೇಳಿ ಜಾಸ್ತಿ ತಗೊಂಡ್ರೆ ಒಪ್ಕೋಬಹುದು. ಒಂದು ವರ್ಷ ಅಭ್ಯಾಸ ಮಾಡ್ಸಿ ಆಮೇಲೆ ಮೇಲಿನ ಅಟ್ಟಕ್ಕೆ ಎತ್ತಿಡೋದು ಮಾತ್ರ ಸರಿ ಅನ್ಸಲ್ಲ.

ಆದ್ರೆ ಗಿರಾಕಿಯ ಲೆಕ್ಕವನ್ನೇ ಬೀಗ ಹಾಕಿ ಇಡೋದು? ಜಿಎಸ್‌ಟಿ ಕಾಯ್ದೆಯ 36ನೇ ಸೆಕ್ಷನ್ ನೋಡಿ. ಒಂದು ವರ್ಷದ ಲೆಕ್ಕಪತ್ರಗಳನ್ನ, ಆ ವರ್ಷದ ವಾರ್ಷಿಕ ರಿಟರ್ನಿನ ಕಡೇ ದಿನದಿಂದ 72 ತಿಂಗಳು ಜೋಪಾನ ಮಾಡ್ಬೇಕು. 2021-22ಕ್ಕೆ ಆ ಕಡೇ ದಿನ 2022ರ ಡಿಸೆಂಬರ್ 31. ಅಂದ್ರೆ 2028ರ ಡಿಸೆಂಬರ್ ತನಕ ಮಾವ ಆ ಲೆಕ್ಕ ಇಟ್ಕೊಂಡಿರಲೇಬೇಕು. ಸಾಫ್ಟ್‌ವೇರ್ ಮಾರೋರಿಗೆ ಇದು ಗೊತ್ತಿಲ್ಲ ಅಂತೀರಾ? ಸರ್ವರಿನಲ್ಲಿ ಇಡೋಕೆ ಖರ್ಚಾಗುತ್ತೆ, ಒಪ್ಪಿದೆ. ಹಾಗಾದ್ರೆ ಹೋಗುವಾಗ ಕೈಗೆ ಕೊಟ್ಟು ಕಳಿಸಿ, ಆಮೇಲೆ ಅಳಿಸಿ ಹಾಕಿ. ಎಕ್ಸೆಲ್‌ಗೆ ಇಳಿಸೋ ಬಟನ್ನು ಎರಡು ದಿನದ ಕೆಲಸ ಸ್ವಾಮಿ, ನನ್ನನ್ನ ಕೇಳಿ.

ಕಂಪನಿ ಹಾಗೇ ಇದ್ದರೆ ಈ ಕಥೆ. ಕಂಪನಿಯೇ ಎದ್ದು ಹೋದ್ರೆ? ಕ್ವಿಕ್‌ಬುಕ್ಸ್‌ನಂಥ ದೊಡ್ಡ ಹೆಸರೇ 2023ರ ಜನವರಿ 31ಕ್ಕೆ ಭಾರತದಲ್ಲಿ ಸೇವೆ ನಿಲ್ಲಿಸ್ತು.

ನಮ್ಮ ಬೆಂಗಳೂರಿನದೇ ಟ್ಯಾಲಿ ಇದೆಯಲ್ಲ, 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತವರ ಮಗ ಭರತ್ ಗೋಯೆಂಕಾ ಶುರು ಮಾಡಿದ್ದು, ಅದರಲ್ಲೂ ದರ್ಜೆಗಳಿವೆ. ಒಂದೇ ಕಂಪ್ಯೂಟರಿಗೆ ಸಿಲ್ವರ್, ಹಲವರಿಗೆ ಗೋಲ್ಡ್. ಒಂದೇ ಸಲ ಕೊಡ್ಬೇಕಾದ ದುಡ್ಡು ಸಣ್ಣ ಅಂಗಡಿಗೆ ಭಾರವೇ. ಅಪ್‌ಡೇಟಿಗೆ ವರ್ಷ ವರ್ಷ ಬೇರೆ ಕಟ್ಟಬೇಕು. ಆದ್ರೆ ಶಾಶ್ವತ ಲೈಸೆನ್ಸ್ ತಗೊಂಡೋರು ಆ ವಾರ್ಷಿಕ ದುಡ್ಡು ನಿಲ್ಸಿದ್ರೂ ಹಳೇ ಲೆಕ್ಕ ಅವರ ಕಂಪ್ಯೂಟರಿನಲ್ಲೇ ತೆರೆಯುತ್ತೆ. ಹಳೇ ಕಾಲದ ವ್ಯಾಪಾರ ಪದ್ಧತಿ ಅಂತ ನಗ್ತಿದ್ದೆ ನಾನು. ಈಗ ಅಷ್ಟು ನಗು ಬರಲ್ಲ.

ಕಳೆದ ಸಲ ಊರಿಗೆ ಹೋದಾಗ ಮಾವನ ಅಂಗಡಿಗೆ ಇನ್ನೊಂದು ಸಾಫ್ಟ್‌ವೇರ್ ಮಾರೋ ಹುಡುಗ ಬಂದಿದ್ದ. ಟ್ಯಾಬ್ ಹಿಡ್ಕೊಂಡು ಮೂರು ಪ್ಲಾನೂ ಚೆನ್ನಾಗೇ ವಿವರಿಸಿದ. ಮಾವ ಎಲ್ಲಾ ಕೇಳಿಸ್ಕೊಂಡು, "ಮುಂದಿನ ವರ್ಷ ನಾನು ದುಡ್ಡು ಕಟ್ಲಿಲ್ಲ ಅಂದ್ರೆ ನನ್ನ ಲೆಕ್ಕ ನನಗೆ ಸಿಗುತ್ತೇನಪ್ಪ?" ಅಂದ್ರು. ಹುಡುಗ ನನ್ನ ಮುಖ ನೋಡಿದ, ಟ್ಯಾಬ್ ನೋಡಿದ. "ಆಫೀಸಲ್ಲಿ ಕೇಳಿ ಫೋನ್ ಮಾಡ್ತೀನಿ ಸಾರ್" ಅಂದ.

ಎರಡು ವಾರ ಆಯ್ತು. ಮಾವ ಅಲ್ಲೀವರೆಗೆ ಅಂತ ಒಂದು ಉದ್ದನೆ ಖಾತೆ ಪುಸ್ತಕ ತಂದಿಟ್ಕೊಂಡಿದಾರೆ. ನಾನು ತಿಂಗಳ ಕೊನೇ ಭಾನುವಾರ ಎಲ್ಲವನ್ನೂ ಎಕ್ಸೆಲ್‌ಗೆ ಇಳಿಸಿ ಪೆನ್‌ಡ್ರೈವಿಗೆ ಹಾಕಿಡ್ತೀನಿ. ನಿಮ್ಮ ಮನೆ ಕಡೆ ಅಂಗಡಿ ಇರೋರು ಏನು ಬಳಸ್ತಿದೀರಿ? ಬಿಟ್ಟು ಬಂದಾಗ ಲೆಕ್ಕ ಕೈಗೆ ಕೊಟ್ಟ ಸಾಫ್ಟ್‌ವೇರ್ ಯಾವುದಾದ್ರೂ ಇದ್ರೆ ಹೇಳಿ, ಮಾವಂಗೆ ತಿಳಿಸ್ತೀನಿ.