ವಂಶ ಹುಡುಕುವ ಟೆಸ್ಟೂ ನಮ್ಮ ತರವಾಡೂ

ಬಾಯಿಯ ಎಂಜಲು ಕಳಿಸಿದರೆ ತಂದೆಯ ಕಡೆಯ ವಂಶ ಹೇಳುವ ಡಿಎನ್‌ಎ ಟೆಸ್ಟ್ ಈಗ ಸಿಗುತ್ತದೆ. ನಮ್ಮವರು ಮಾಡಿಸಿದರೆ ಮೊದಲ ಪ್ರಶ್ನೆ ಒಂದೇ: ‘ಅರಬ್ ಬಂತಾ?’

ವೈ ಕ್ರೋಮೋಸೋಮ್ ಬಾಪನಿಂದ ಮಗನಿಗೆ ಮಾತ್ರ ಹೋಗುತ್ತದೆ. ಅದರಲ್ಲಿ ಅಪರೂಪಕ್ಕೆ ಆಗುವ ಸಣ್ಣ ಬದಲಾವಣೆಗಳನ್ನು ಹಿಡಿದು ವಂಶಗಳನ್ನು ಗುಂಪು ಮಾಡುತ್ತಾರೆ, ಅದೇ ಹ್ಯಾಪ್ಲೊಗ್ರೂಪ್. ಜೆ1 ಬಂತೆಂದು ಕುಣಿಯಬೇಡಿ. ಅರೇಬಿಯಾದಲ್ಲಿ ಅದು ಹೆಚ್ಚು, ಹೌದು. ಆದರೆ ದೂರದ ದಾಗೆಸ್ತಾನದಲ್ಲೂ ಧಾರಾಳ. ಎಚ್ ಬಂತೆಂದು ಮುಖ ಸಣ್ಣ ಮಾಡುವುದೂ ಬೇಡ. ಅದು ಸಾವಿರಾರು ವರ್ಷಗಳಿಂದ ಈ ನೆಲದಲ್ಲೇ ಇರುವ ವಂಶ.

ಲೆಕ್ಕ ಹಾಕಿ ನೋಡಿ. ಹತ್ತು ತಲೆಮಾರು ಹಿಂದಕ್ಕೆ ಹೋದರೆ ಹಿರಿಯರ ಸ್ಥಾನ 1,024. ಈ ಟೆಸ್ಟ್ ಹೇಳುವುದು ಒಬ್ಬನ ಸುದ್ದಿ ಮಾತ್ರ. ಉಮ್ಮನ ಬಾಪನೂ ಇದರಲ್ಲಿ ಬರುವುದಿಲ್ಲ! ವ್ಯಾಪಾರಕ್ಕೆ ಬಂದ ಅರಬರು ಇಲ್ಲಿನ ಹೆಣ್ಣುಮಕ್ಕಳನ್ನೇ ಮದುವೆಯಾದರು ಎಂದು ಹೇಳುತ್ತಾ ಬಂದವರು ನಮ್ಮ ಹಿರಿಯರೇ. ಮನೆಯಲ್ಲಿ ಆಡುವ ಬ್ಯಾರಿ ಭಾಷೆಯೂ ಮಲಯಾಳ, ತುಳುವಿನ ಬಳಗದ್ದೇ ಹೊರತು ಅರಬಿಯದ್ದಲ್ಲ. ಆ ಉಮ್ಮಂದಿರ ಲೆಕ್ಕ ಇಡುವವರು ಯಾರು?

ಸಂಬಂಧ ನೋಡುವಾಗ ತರವಾಡು ಕೇಳುವ ಚಾಳಿ ಇನ್ನೂ ಪೂರ್ತಿ ಹೋಗಿಲ್ಲ. ನಾಳೆ ಲ್ಯಾಬ್ ರಿಪೋರ್ಟೂ ಕೇಳಿದರೆ ಹೆಣ್ಣಿನ ಮನೆಯವರ ಗತಿ ಏನು? ಕುತೂಹಲಕ್ಕೆ ಟೆಸ್ಟ್ ಮಾಡಿಸಿ, ತಪ್ಪಿಲ್ಲ. ರಿಪೋರ್ಟ್ ಮಾತ್ರ ಮದುವೆ ಬ್ರೋಕರ್ ಕೈಗೆ ಕೊಡಬೇಡಿ.