ಬಿಸಿಲು ಜಾಸ್ತಿ, ಗಾಳಿ ಇಳಿಸಪ್ಪ!

ಬ್ಲಾಗಿನ ಕಡೆ ತಲೆ ಹಾಕಿ ತಿಂಗಳುಗಳೇ ಆದ್ವು, ಬೈಕೋಬೇಡಿ. ಇವತ್ತು ಬರೆಯೋಕೆ ಕಾರಣ ನಮ್ಮ ಭಾವನ ಕಾರಿನ ಟೈರು.

ನಮ್ಮೂರು ಮಾಗಡಿ ತಾಲ್ಲೂಕಿನ ಕೆಂಪಾಪುರ. ಕೆಂಪೇಗೌಡರ ಸಮಾಧಿ ಇರೋ ಊರು ಅಂದ್ರೆ ಈಗ ಸುಮಾರು ಜನಕ್ಕೆ ಗೊತ್ತಾಗುತ್ತೆ. ಮೊನ್ನೆ ಅಲ್ಲಿಂದ ಮೈಸೂರಿಗೆ ಮದುವೆಗೆ ಹೊರಟ್ವಿ. ಕಾರಲ್ಲಿ ಆರು ಜನ, ಡಿಕ್ಕಿ ತುಂಬಾ ಸಾಮಾನು. ರಾಮನಗರದಲ್ಲಿ ಎಕ್ಸ್‌ಪ್ರೆಸ್‌ವೇ ಹತ್ತೋಕೆ ಮುಂಚೆ ಭಾವ ಪಂಕ್ಚರ್ ಅಂಗಡಿ ಮುಂದೆ ನಿಲ್ಸಿ, "ಬಿಸಿಲು ಜಾಸ್ತಿ, ಸ್ವಲ್ಪ ಗಾಳಿ ಇಳಿಸಪ್ಪ, ಸಿಡಿದ್ಗಿಡಿದಾತು" ಅಂದ. 33 ಇರಬೇಕಾದ್ದು 26ಕ್ಕೆ ಬಂತು. ಚನ್ನಪಟ್ಟಣ ದಾಟಿ ಸ್ವಲ್ಪ ದೂರಕ್ಕೆ ಹಿಂದಿನ ಎಡಗಡೆ ಟೈರು ಢಮಾರ್! ಕಾರು ಎರಡು ಲೇನ್ ಅಳೆದು ನಿಂತ್ಕೊಳ್ತು. ಯಾರಿಗೂ ಏನೂ ಆಗ್ಲಿಲ್ಲ. ಭಾವ ಬೆವರು ಒರೆಸ್ಕೊಂಡು ಹೇಳಿದ್ದು: "ನೋಡಿದ್ಯಾ, ಇನ್ನೂ ಸ್ವಲ್ಪ ಇಳಿಸ್ಬೇಕಿತ್ತು." :-)

ನಂಗೆ ತಕ್ಷಣ ನೆನಪಾಗಿದ್ದು 2013ರ ಸಿಲ್ವರ್‌ಸ್ಟೋನ್ ರೇಸು. ಫಾರ್ಮುಲಾ ಒನ್ ಹುಚ್ಚಿರೋರಿಗೆ ಗೊತ್ತಿರುತ್ತೆ. ಮೊದಲ ಸ್ಥಾನದಲ್ಲಿದ್ದ ಹ್ಯಾಮಿಲ್ಟನ್, ಆಮೇಲೆ ಮಾಸಾ, ವರ್ನ್, ಕೊನೆಗೆ ಪೆರೆಜ್... ನಾಲ್ಕೂ ಜನರದ್ದೂ ಹಿಂದಿನ ಎಡಗಡೆ ಟೈರೇ ಚಿಂದಿ. ಟೈರು ಕೊಟ್ಟ ಪಿರೆಲ್ಲಿ ಹೇಳಿದ ಕಾರಣಗಳಲ್ಲಿ ಒಂದು, ಗಾಳಿ ಕಮ್ಮಿ! ಜೊತೆಗೆ ಎಡಗಡೆ ಟೈರನ್ನ ಬಲಕ್ಕೆ, ಬಲದ್ದನ್ನ ಎಡಕ್ಕೆ ಹಾಕಿದ್ದು, ಚಕ್ರನ ವಿಪರೀತ ವಾಲಿಸಿದ್ದು, ಎತ್ತರದ ಕರ್ಬುಗಳು. ತಂಡಗಳು ಗಾಳಿ ಇಳಿಸ್ತಿದ್ದದ್ದು ಹಿಡಿತ ಸಿಗ್ಲಿ ಅಂತ, ನಮ್ಮ ಭಾವ ಇಳಿಸಿದ್ದು ಸಿಡೀದೇ ಇರ್ಲಿ ಅಂತ. ಅಷ್ಟೇ ವ್ಯತ್ಯಾಸ. ಗಾಳಿ ಕಮ್ಮಿ ಆದಷ್ಟೂ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಮಡಚಿ ಮಡಚಿ ಒಳಗೇ ಕಾಯುತ್ತೆ, ಪದರಗಳು ಬಿಡ್ತವೆ. ಬಿಸಿಲಿಗೆ ನಾಲ್ಕೈದು ಪಾಯಿಂಟ್ ಏರೋದನ್ನ ಕಂಪನಿಯೋರು ಲೆಕ್ಕ ಹಾಕೇ ಬಾಗಿಲ ಹತ್ತಿರ ಆ ಸ್ಟಿಕರ್ ಅಂಟಿಸಿರ್ತಾರೆ.

ಆದ್ರೆ ಸಿಲ್ವರ್‌ಸ್ಟೋನ್ ಆದ್ಮೇಲೆ ಏನಾಯ್ತು ನೋಡಿ. ಮುಂದಿನ ಜರ್ಮನಿ ರೇಸಲ್ಲಿ ಮತ್ತೆ ಹೀಗಾದ್ರೆ ನಾವು ಓಡಿಸಲ್ಲ ಅಂತ ಚಾಲಕರ ಸಂಘವೇ ಹೇಳ್ತು. ಕನಿಷ್ಠ ಗಾಳಿ ಇಷ್ಟು ಅಂತ ಕಡ್ಡಾಯ ಮಾಡಿದ್ರು, ಟೈರನ್ನೇ ಬದಲಾಯಿಸಿದ್ರು. ಹೊಸ ಟೈರು ಬಂದ್ಮೇಲೆ ನಮ್ಮ ಬೆಂಗಳೂರಿನ ಮಲ್ಯರ ಫೋರ್ಸ್ ಇಂಡಿಯಾ ಕಾರು ಹಿಂದೆ ಬಿತ್ತು, ಹೊಟ್ಟೆ ಉರೀತು ನಂಗೆ. ಆದ್ರೂ ಅದು ಸರಿ.

ಅದಕ್ಕೂ ಮುಂಚೆ 2005ರ ಜೂನ್ 19ರ ಇಂಡಿಯಾನಾಪೊಲಿಸ್. ಶುಕ್ರವಾರ ರಾಲ್ಫ್ ಶೂಮಾಕರ್ ಕಾರು ಗೋಡೆಗೆ ಬಡೀತು. ಆ ಇಳಿಜಾರಿನ ತಿರುವಲ್ಲಿ ನಮ್ಮ ಟೈರು ತಡೆಯಲ್ಲ ಅಂತ ಮಿಷೆಲಿನ್ ತಾನೇ ಒಪ್ಕೊಳ್ತು. ಭಾನುವಾರ 14 ಕಾರು ಒಂದು ಸುತ್ತು ಬಂದು ಪಿಟ್‌ಗೆ ಹೋಗ್ಬಿಟ್ವು. ಉಳಿದಿದ್ದು ಆರೇ ಆರು. ಜನ ಬಾಟ್ಲಿ ಎಸೆದ್ರು. ನಮ್ಮ ನಾರಾಯಣ್ ಕಾರ್ತಿಕೇಯನ್ ನಾಲ್ಕನೇ ಸ್ಥಾನಕ್ಕೆ ಬಂದು 5 ಪಾಯಿಂಟ್ ತಗೊಂಡಿದ್ದು ಇದೇ ರೇಸಲ್ಲಿ. ಎಲ್ಲರೂ ಅದನ್ನ ನಾಟಕ ಅಂತ ಬೈದ್ರು. ನಂಗೆ ಈಗ ಅನ್ಸೋದು, ದುಡ್ಡು ಮರ್ಯಾದೆ ಎರಡೂ ಹೋಗುತ್ತೆ ಅಂತ ಗೊತ್ತಿದ್ದೂ 'ಬೇಡ, ನಿಲ್ಸಿ' ಅಂದ್ರಲ್ಲ, ಅದು ಸಣ್ಣ ಮಾತಲ್ಲ.

ನಮ್ಮ ಎಕ್ಸ್‌ಪ್ರೆಸ್‌ವೇನಲ್ಲಿ 'ನಿಲ್ಸಿ' ಅನ್ನೋರು ಯಾರು? 2023ರ ಮಾರ್ಚಲ್ಲಿ ಉದ್ಘಾಟನೆ ಆಯ್ತು, ಆಗಸ್ಟ್‌ನಿಂದ ಬೈಕು ಆಟೋ ಬಂದ್ ಮಾಡಿದ್ರು, ವೇಗ ಹಿಡಿಯೋಕೆ ಕ್ಯಾಮೆರಾ ಹಾಕಿದ್ರು. ಕ್ಯಾಮೆರಾಗೆ ಗಾಳಿ ಕಾಣಲ್ವಲ್ಲ ಸ್ವಾಮಿ! ಮಹಾರಾಷ್ಟ್ರದ ಸಮೃದ್ಧಿ ಹೆದ್ದಾರಿಯಲ್ಲಿ 2023ರಲ್ಲಿ ಆರ್‌ಟಿಒದವರು ಸವೆದ ಟೈರಿನ ಗಾಡಿಗಳನ್ನ ವಾಪಸ್ ಕಳಿಸಿದ್ದುಂಟು. ಗಣಂಗೂರು ಟೋಲ್ ಹತ್ತಿರ ಒಂದು ಗಾಳಿ ಮೆಷಿನ್ನು, ನೋಡೋಕೆ ಒಬ್ಬ ಮನುಷ್ಯ ಇಡೋದು ಅಷ್ಟು ಕಷ್ಟಾನಾ? ಟೋಲ್ ಅಂತೂ ಕಟ್ತಾನೇ ಇದ್ದೀವಿ.

ಸ್ಟೆಪ್ನಿ ಹಾಕುವಾಗ ಸಿಡಿದ ಟೈರಿನ ಪಕ್ಕೆ ನೋಡಿದೆ. 1217 ಅಂತಿತ್ತು, ಅಂದ್ರೆ 2017ರ 12ನೇ ವಾರದ ಮಾಲು. ಮದುವೆ ಊಟ ಮುಗಿಸಿ ಮೈಸೂರಲ್ಲೇ ಹೊಸ ಟೈರು ಹಾಕ್ಸಿ, ಮಾರನೇ ದಿನ ಬೆಳಿಗ್ಗೆ ಬಿಸಿಲೇರೋ ಮುಂಚೆ ನಾಲ್ಕಕ್ಕೂ 33 ಹೊಡ್ಸಿದ್ವಿ. ಭಾವ ರಾಮನಗರದ ತನಕ ಒಂದು ಮಾತಾಡ್ಲಿಲ್ಲ.